ಹಳೇ ಪ್ರಿಂಟರಿನ ವಿಲೇವಾರಿ

ಜನನ ಮರಣ ನೋಂದಣಿ ಕಚೇರಿಯಲ್ಲಿ ಎರಡು ಕಿಟಕಿಗಳು. ಮರಣದ ಕಿಟಕಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೂತಿದ್ದವರನ್ನು ಎಲ್ಲರೂ ಮರಣದಕ್ಕ ಎಂದೇ ಕರೆಯುತ್ತಿದ್ದರು; ಇಡೀ ಕಚೇರಿಯಲ್ಲಿ ಅವರಷ್ಟು ನಗುವವರು ಇನ್ನೊಬ್ಬರಿರಲಿಲ್ಲ. ಪಕ್ಕದ ಕಿಟಕಿಗೆ ಆರು ತಿಂಗಳ ಹಿಂದೆ ಬಂದವಳು ಹಾಗಾಗಿ ಜನನದವಳಾದಳು.

ಅವಳದು ತಾತ್ಕಾಲಿಕ ನೇಮಕ. ಆರು ತಿಂಗಳು ತುಂಬಿದ ದಿನ ಸಾಹೇಬರು ವರದಿ ಬರೆದು ಮೇಲಿನ ಕಚೇರಿಗೆ ಕಳಿಸಬೇಕು. ವರದಿ ಚೆನ್ನಾಗಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ಮತ್ತೆ ಅಣ್ಣನ ಮನೆಗೆ. ಅಲ್ಲಿ ಇವರಿದ್ದ ಕೋಣೆಯಲ್ಲಿ ಅತ್ತಿಗೆ ಆಗಲೇ ಹೊಲಿಗೆ ಯಂತ್ರ ಇಟ್ಟಾಗಿತ್ತು.

ವರದಿಗೆ ಎಂಟು ದಿನ ಉಳಿದಿದ್ದಾಗ ಕಚೇರಿಗೆ ಹೊಸ ಪ್ರಿಂಟರ್ ಬಂತು. ಅಂದಿನಿಂದ ಜನನದವಳು ಪತ್ರವೊಂದನ್ನು ಪ್ರಿಂಟ್ ಕೊಟ್ಟರೆ ಸಾಕು, ಪರದೆ ನೀಲಿಯಾಗಿ ಕಂಪ್ಯೂಟರ್ ಆರಿಹೋಗುತ್ತಿತ್ತು. ಮತ್ತೆ ಏಳಲು ಅದಕ್ಕೆ ಹತ್ತು ನಿಮಿಷ ಬೇಕು. ಮರಣದಕ್ಕನ ಪತ್ರಗಳು ಮಾತ್ರ ಅದೇ ಪ್ರಿಂಟರಿನಿಂದ ಸಲೀಸಾಗಿ ಬರುತ್ತಿದ್ದವು.

"ಹುಟ್ಟಿದ್ದಕ್ಕೆ ಪತ್ರ ಕೊಡಿ ಅಂದ್ರೆ ನಾಳೆ ಬಾ, ನಾಡಿದ್ದು ಬಾ ಅಂತೀರಲ್ಲಮ್ಮ. ಇನ್ನೊಂದು ಸಲ ಹುಟ್ಟಿ ಬರ್ಲಾ?" ಎಂದು ಕಿಟಕಿಯಾಚೆ ಒಬ್ಬರು ರೇಗಿದರು.

"ಈ ಕಡೆ ಬನ್ನಿ ಅಣ್ಣ, ನಂದು ಬೇಗ ಆಗತ್ತೆ," ಎಂದರು ಮರಣದಕ್ಕ. ರೇಗಿದವರೂ ನಕ್ಕರು.

ಸಾಹೇಬರು ನಗಲಿಲ್ಲ. "ಅದೇ ಪ್ರಿಂಟರಲ್ಲಿ ಅವರಿಗೆ ಬರತ್ತೆ, ನಿನಗೆ ಬರಲ್ಲ. ಕುಣಿಯಲಾರದವಳಿಗೆ ಅಂಗಳ ಡೊಂಕಂತೆ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಖಾಲಿ ಹಾಳೆಯ ಮೇಲೆ ಮಗಳ ಹೆಸರು ಟೈಪು ಮಾಡಿ ಪ್ರಿಂಟ್ ಕೊಟ್ಟಳು. ಬಂತು. ಜನನ ಪತ್ರದ ನಮೂನೆ ತೆರೆದು ಕೊಟ್ಟಳು. ಪರದೆ ನೀಲಿಯಾಯಿತು. ರಿಪೇರಿಯವರಿಗೆ ಫೋನು ಮಾಡಿದಳು. ಅವರ ಬಾಯಲ್ಲೂ ತುತ್ತಿತ್ತು; ಆದರೂ ಫೋನಿಡದೆ ಪೂರ್ತಿ ಕೇಳಿಸಿಕೊಂಡರು.

"ನಮೂನೆ ಹಳೇ ಪ್ರಿಂಟರ್ ಕಾಲದ್ದು ಅಕ್ಕ. ಅದು ಹಳೇ ಡ್ರೈವರನ್ನೇ, ಅಂದ್ರೆ ಆ ಪ್ರಿಂಟರನ್ನ ಓಡಿಸೋ ಸಾಫ್ಟ್‌ವೇರನ್ನೇ, ಕರೆಯತ್ತೆ. ಪಕ್ಕದ ಕಂಪ್ಯೂಟರ್ ಹೊಸದು, ಅದರಲ್ಲಿ ಹಳೇ ಡ್ರೈವರ್ ಇಲ್ಲ. ನಿಮ್ಮದರಲ್ಲಿ ಹಳೇದು, ಹೊಸದು ಎರಡೂ ಕಿತ್ತಾಡ್ತಿವೆ. ಹಳೇದನ್ನ ತೆಗೆದುಹಾಕಿ, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸಕ್ಕೆ ಅವಳು ಸಾಹೇಬರ ಒಪ್ಪಿಗೆ ಕೇಳಿದಳು. ಆ ಕಚೇರಿಯಲ್ಲಿ ಒಡೆದ ಮಸಿಬಾಟಲಿಯನ್ನೂ ಕೇಳದೆ ಎಸೆಯುವಂತಿರಲಿಲ್ಲ.

"ಹಳೇ ಪ್ರಿಂಟರ್ ಇನ್ನೂ ದಾಸ್ತಾನು ಪುಸ್ತಕದಲ್ಲಿದೆ," ಎಂದರು ಸಾಹೇಬರು. "ವಿಲೇವಾರಿ ಆಗಿಲ್ಲ. ಅದರ ಯಾವ ಭಾಗಾನೂ ತೆಗೆಯೋ ಹಾಗಿಲ್ಲ."

"ಡ್ರೈವರ್ ಅಂದ್ರೆ ವಸ್ತು ಅಲ್ಲ ಸಾರ್. ಕೈಗೆ ಸಿಗಲ್ಲ."

"ಕೈಗೆ ಸಿಗೋದು ಕಳೆದುಹೋದ್ರೆ ಹುಡುಕಬಹುದು ಕಣಮ್ಮ. ಸಿಗದೇ ಇರೋದನ್ನ ಎಲ್ಲಿ ಅಂತ ಹುಡುಕಲಿ?"

ಅವಳು ಕಿಟಕಿಗೆ ವಾಪಸು ಹೋದಳು.

ಎಂಟನೆಯ ದಿನ ಮೂರು ಗಂಟೆಗೆ ಸಾಹೇಬರು ಎಲ್ಲರನ್ನೂ ಚಹಾಕ್ಕೆ ಕಳಿಸಿದರು. ಒಬ್ಬಳ ವರದಿಯನ್ನು ಇನ್ನೊಬ್ಬರು ಓದಬಾರದೆಂಬ ಮರ್ಯಾದೆ ಅವರಲ್ಲಿತ್ತು. ವರದಿಯ ಹಳೇ ನಮೂನೆ ಇದ್ದದ್ದು ಅವಳ ಕಂಪ್ಯೂಟರಿನಲ್ಲಿ. ಎರಡು ಬೆರಳಲ್ಲಿ ಟೈಪು ಮಾಡಿ ಪ್ರಿಂಟ್ ಕೊಟ್ಟರು. ನೀಲಿ. ಮತ್ತೆ ಕೊಟ್ಟರು. ನೀಲಿ. ಮೂರನೆಯ ಸಲವೂ ನೀಲಿಯಾಗುವಷ್ಟರಲ್ಲಿ ಅಂಚೆ ಚೀಲದವರು ಬಾಗಿಲಲ್ಲಿ ಬಂದು ನಿಂತರು. ಚೀಲ ನಾಲ್ಕಕ್ಕೆ ಹೊರಡಬೇಕು.

"ಏನಮ್ಮ, ಬಾ ಇಲ್ಲಿ," ಎಂದು ಸಾಹೇಬರು ಅವಳನ್ನು ಕೂಗಿದರು.

ಅವಳು ಬಂದು ಕೂತಳು. ಯಂತ್ರ ಎದ್ದು, ಉಳಿಸಿಕೊಂಡಿದ್ದ ಹಾಳೆಯನ್ನು ತಾನಾಗಿಯೇ ತೆರೆದಿಟ್ಟಿತು. 'ಕಂಪ್ಯೂಟರ್ ಬಳಕೆ: ಅತೃಪ್ತಿಕರ. ಕಾಯಂಗೆ ಶಿಫಾರಸು ಇಲ್ಲ.' ಸಾಹೇಬರು ಗೋಡೆಯ ಕಡೆ ನೋಡಿದರು. ಅವಳು ಕೀಲಿಗಳಿಂದ ಕೈ ತೆಗೆದಳು.

"ಒಂದು ಅರ್ಜಿ ಬರೀಲಾ ಸಾರ್?" ಎಂದಳು.

ಅಷ್ಟರಲ್ಲಿ ಒಳಗೆ ಬಂದ ಮರಣದಕ್ಕ, ಕಾಗದ ಹಾರದಿರಲೆಂದು ಫ್ಯಾನು ಆರಿಸಿದರು. ಅವಳು ಬರೆದಳು: 'ಹಳೇ ಪ್ರಿಂಟರಿನ ಕೈಗೆ ಸಿಗುವ ಭಾಗವನ್ನು ದಾಸ್ತಾನಿನಲ್ಲಿ ಯಥಾಸ್ಥಿತಿ ಉಳಿಸಿಕೊಂಡು, ಕೈಗೆ ಸಿಗದ ಭಾಗವನ್ನು ಮಾತ್ರ ವಿಲೇವಾರಿ ಮಾಡಲು ಅನುಮತಿ ಕೋರಿ.'

ಸಾಹೇಬರು ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ರುಚಿ ನೋಡುವವರಂತೆ ನಿಧಾನವಾಗಿ ಓದಿ, 'ಅನುಮತಿಸಿದೆ' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು.

ಅವಳು ಹಳೇ ಡ್ರೈವರನ್ನು ತೆಗೆದಳು. ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿ ವರದಿಯ ಪ್ರಿಂಟ್ ಕೊಟ್ಟಳು. ಹಾಳೆ ಒಂದು ಕಲೆಯೂ ಇಲ್ಲದೆ ಹೊರಬಂತು. ಅದನ್ನು ಬೋರಲಾಗಿ ಹಿಡಿದು ಸಾಹೇಬರಿಗೆ ಕೊಟ್ಟಳು.

ಅವರು ಓದಿ, ಕೆಮ್ಮಿ, "ಕಾಗುಣಿತದ ತಪ್ಪಿದೆ. ಏಳು," ಎಂದರು. ಚೀಲದವರಿಗೆ ಕುರ್ಚಿ ತೋರಿಸಿ ಮತ್ತೆ ಎರಡು ಬೆರಳಲ್ಲಿ ಟೈಪು ಮಾಡಿದರು. ಹೊಸ ಹಾಳೆಯನ್ನು ಲಕೋಟೆಗೆ ಹಾಕುವ ಮೊದಲು ಒಂದು ಗಳಿಗೆ, ಅವಳಿಗೆ ಕಾಣುವಂತೆ, ಮೇಜಿನ ಮೇಲಿಟ್ಟರು.

'ಕಂಪ್ಯೂಟರ್ ಬಳಕೆ: ಸಾಧಾರಣ. ಅರ್ಜಿ ಬರವಣಿಗೆ: ಅತ್ಯುತ್ತಮ. ಕಾಯಂಗೊಳಿಸಬಹುದು.'

ಚೀಲ ಹೊರಟ ಮೇಲೆ ಸಾಹೇಬರು ಅವಳ ಕಡೆ ತಿರುಗಿದರು. "ನೋಡಿದ್ಯಾ? ತಾಳ್ಮೆಯಿಂದ ನಾಲ್ಕು ಸಲ ಪ್ರಿಂಟ್ ಕೊಟ್ಟೆ. ಕೊನೆಗೆ ಬಂತೋ ಇಲ್ವೋ? ಕಲ್ತುಕೋ."

ಮೇಜಿನ ಕೆಳಗೆ ಮರಣದಕ್ಕ ಅವಳ ಕಾಲು ತುಳಿದರು.

"ಕಲ್ತೆ ಸಾರ್," ಎಂದಳು ಜನನದವಳು.