ಮುದ್ದಮ್ಮನ ಸಿಂಬೆ

ಪ್ರದರ್ಶನದ ಉದ್ಘಾಟನೆಗೆ ಇನ್ನೂ ಒಂದು ಗಂಟೆಯಿತ್ತು. ಅಜ್ಜಿಯ ವಸ್ತುವನ್ನು ಜನ ಸೇರುವ ಮೊದಲೇ ನೋಡೋಣವೆಂದು ಲಕ್ಷ್ಮೀಪುರಂನಿಂದ ಆಟೋ ಹಿಡಿದು ಬಂದಿದ್ದೆ.

ಗೋಡೆಯ ಮೇಲೆ ದೊಡ್ಡಕ್ಷರ: ‘ನೂರು ವರ್ಷದ ಹಿಂದಿನ ಮೈಸೂರು ಸೀಮೆಯ ಗಣಿಗಳು’. ಟೋಪಿ ಹಾಕಿದ ದೊರೆಗಳ ಫೋಟೋ, ಅವರ ಕುದುರೆಗಳ ಫೋಟೋ. ಕುದುರೆಗಳ ಹೆಸರನ್ನೂ ಬರೆದಿದ್ದರು. ನಾನು ಕೊಟ್ಟ ಸಿಂಬೆ ಮೂಲೆಯಲ್ಲಿತ್ತು. ಕೆಳಗೆ ಚೀಟಿ: ‘ಪಾತ್ರೆ ಇಡುವ ಸಿಂಬೆ. ಕಾರ್ಮಿಕರ ಅಡುಗೆಮನೆಯದು. ಒಲೆಯ ಮಸಿ ಗಮನಿಸಿ.’

ಮಸಿ! ಅದು ಕ್ರೋಮ್ ಅದಿರಿನ ಕಪ್ಪು ಪುಡಿ. ಅಜ್ಜಿ ಮುದ್ದಮ್ಮ ಹದಿನೇಳನೇ ವಯಸ್ಸಿನಿಂದ ಹನ್ನೊಂದು ವರ್ಷ ಗಣಿಯ ಗುಂಡಿಯಿಂದ ಆ ಅದಿರು ಹೊತ್ತವಳು. ಅವಳ ನೆತ್ತಿಯಲ್ಲಿ ಸಿಂಬೆಯಷ್ಟಗಲ ಕೂದಲೇ ಇರಲಿಲ್ಲ. ಚಿಕ್ಕವಳಿದ್ದಾಗ ಅಲ್ಲಿಗೆ ಹರಳೆಣ್ಣೆ ಒತ್ತುತ್ತಿದ್ದವಳು ನಾನು.

ನೆಲ ಒರೆಸುತ್ತಿದ್ದ ಬಸವಮ್ಮ ನನ್ನ ಮುಖ ನೋಡಿ, ಕೇಳದೆಯೇ ಕುರ್ಚಿ ತಂದಿಟ್ಟರು. ಅವರಿಗೆ ಚೀಟಿ ಓದಿ ಹೇಳಿದೆ.

“ಅಯ್ಯೋ, ಪಾತ್ರೆಗೆ ಹುಲ್ಲಿನ ಸಿಂಬೆ ಕಣವ್ವ! ಇದು ಸೀರೆ ಬಟ್ಟೇದು, ತಲೆಗೆ ಸುತ್ಕೊಂಡಿರೋದು. ಇವ್ರ ಮನೇಲಿ ಯಾರೂ ಒಂದು ಬಿಂದಿಗೆ ನೀರೂ ಹೊತ್ತಿಲ್ವಾ?”

ಪ್ರದರ್ಶನದ ಉಸ್ತುವಾರಿ ಶಿವಪ್ರಕಾಶ್ ಓಡಿ ಬಂದರು.

“ಮೇಡಂ, ಗಣಿ ರಿಜಿಸ್ಟರ್‌ನಲ್ಲಿ ಹೆಂಗಸರೇ ಇಲ್ಲ. ಅದಕ್ಕೇ ಅಡುಗೆಮನೆ ಅಂತ ಹಾಕಿದ್ವಿ.”

“ಕುದುರೆ ಇತ್ತಾ ರಿಜಿಸ್ಟರ್‌ನಲ್ಲಿ?”

“ಇತ್ತು... ಮೇಡಂ, ಗೆಸ್ಟ್‌ಗಳು ಬಂದ್ಬಿಡ್ತಾರೆ. ಉದ್ಘಾಟನೆ ಮುಗೀಲಿ, ಆಮೇಲೆ ನೋಡೋಣ.”

ಮೂವತ್ತೈದು ವರ್ಷ ಪಾಠ ಮಾಡಿದರೂ ದನಿ ಎತ್ತಿದವಳಲ್ಲ. ಆವತ್ತೂ ಎತ್ತಲಿಲ್ಲ. ಸಿಂಬೆಯನ್ನು ತೆಗೆದು ತಲೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲೇ ಅದಿರಿನ ಒಂದು ಗಟ್ಟಿಯನ್ನು ಪ್ರದರ್ಶನಕ್ಕಿಟ್ಟಿದ್ದರು.

“ಅದನ್ನೆತ್ತಿ ಇದರ ಮೇಲಿಡಿ.”

“ಬೇಡ ಮೇಡಂ! ಹದಿನೆಂಟು ಕೆಜಿ ಇದೆ. ಕತ್ತು ಮುರಿದುಹೋಗುತ್ತೆ!”

“ಗೊತ್ತಾಯ್ತಲ್ಲ. ಅದನ್ನೇ ಬರೀರಿ.”

“ಬೇಗ ಬರೀರಿ ಸಾ,” ಎಂದರು ಬಸವಮ್ಮ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. “ಇಲ್ದಿದ್ರೆ ನಾನೇ ಎತ್ತಿಟ್ಬುಡ್ತೀನಿ, ನಿಮ್ ತಲೆ ಮೇಲೆ.”

ಶಿವಪ್ರಕಾಶ್ ಹೊಸ ಚೀಟಿ ಬರೆದು ತೋರಿಸಿದರು: ‘ಗಣಿ ಕೆಲಸಕ್ಕೆ ಮಹಿಳೆಯರೂ ನೆರವಾದರು.’

ಅವರ ಪೆನ್ನನ್ನೇ ತೆಗೆದುಕೊಂಡು ‘ನೆರವಾದರು’ ಎಂಬುದನ್ನು ಕಾಗದ ಹರಿಯುವಂತೆ ಹೊಡೆದುಹಾಕಿದೆ.

“ನೆರವಲ್ಲ. ಹೊತ್ತರು. ಮುದ್ದಮ್ಮ ಹೊತ್ತಳು ಅಂತ ಹೆಸರು ಹಾಕಿ ಬರೀರಿ. ಅಲ್ಲೀವರೆಗೆ ಸಿಂಬೆ ಇಳಿಸಲ್ಲ.”

ಹೊರಗೆ ಕಾರು ನಿಂತ ಸದ್ದಾಯಿತು. ಶಿವಪ್ರಕಾಶ್ ಬಾಗಿಲ ಕಡೆ ನೋಡಿದರು, ನನ್ನ ತಲೆ ನೋಡಿದರು. ಆಮೇಲೆ ಇನ್ನೊಂದು ಚೀಟಿ ತೆಗೆದುಕೊಂಡು, ಪೆನ್ನಿಗಾಗಿ ಕೈ ಚಾಚಿದರು.