ಕೆಂಚಿಗೆ ಹೇಳಿದ ಮಾತು

ಆಬ್ಲೊ — ಟಕ್ — ಆಬ್ಲಾಸ್ — ಟಕ್ — ಈ ಫ್ಯಾನಿನ ಒಂದು ರೆಕ್ಕೆ ಸುತ್ತಿಗೊಮ್ಮೆ ಎಲ್ಲಿಗೋ ತಾಗುತ್ತಿದೆ, ಆಬ್ಲಾ, ಅಬ್ಲಾಮೋಸ್, ತಾಳಕ್ಕೆ ಸರಿಯಾಗಿ ಬರುತ್ತಿವೆ, ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವಳು ಮಾತಾಡುತ್ತಾಳೆ, ಅವಳು ಮಾತಾಡುತ್ತಾಳೋ ಇಲ್ಲವೋ, ಈಗ ಗೊತ್ತಾಗಬೇಕಾಗಿರುವುದು ಅದೊಂದೇ, ಭುವನಾ ಫ್ಯಾನಿನಿಂದ ಕಣ್ಣಿಳಿಸಿ ಆಪರೇಷನ್ ಕೋಣೆಯ ಬಾಗಿಲು ನೋಡಿದಳು, ಅದು ಹಾಕಿದ ಹಾಗೇ ಇತ್ತು, ಒಳಗೆ ಅತ್ತೆ ಹುಚ್ಚಮ್ಮನ ಕುತ್ತಿಗೆಯಿಂದ ಥೈರಾಯ್ಡ್ ಗಡ್ಡೆ ತೆಗೆಯುತ್ತಿದ್ದಾರೆ, ಹೊರಗೆ ಸೊಸೆ ಬೆಂಚಿನ ಮೇಲೆ ಕೂತು ಸ್ಪ್ಯಾನಿಷ್ ಕ್ರಿಯಾಪದ ಉರು ಹೊಡೆಯುತ್ತಿದ್ದಾಳೆ, ನೋಡಿದವರು ಏನಂದುಕೊಂಡಾರು — ಅಂದುಕೊಳ್ಳಲಿ, ನಾಳೆ ಬೆಳಿಗ್ಗೆ ಪರೀಕ್ಷೆ ಇದೆ, ಪರೀಕ್ಷೆ ಇಲ್ಲದಿದ್ದರೂ ಉರು ಹೊಡೆಯುತ್ತಿದ್ದಳು, ನಾಲಿಗೆಗೆ ಕೆಲಸ ಕೊಡದಿದ್ದರೆ ಮನಸ್ಸು ಆ ಬಾಗಿಲಲ್ಲಿ ನುಗ್ಗುತ್ತದೆ. ಗಡ್ಡೆ ಕೆಟ್ಟದ್ದಲ್ಲಮ್ಮ, ಸೂಜಿ ಹಾಕಿ ಪರೀಕ್ಷೆ ಮಾಡಿಯಾಗಿದೆ, ಜೀವಕ್ಕೇನೂ ಭಯ ಇಲ್ಲ, ಆದರೆ ಧ್ವನಿಯ ನರ ಅದರ ಬೆನ್ನಿಗೇ ಅಂಟಿಕೊಂಡು ಹೋಗಿದೆ, ಕೈಲಾದಷ್ಟು ಜೋಪಾನ ಮಾಡ್ತೀವಿ, ಎಚ್ಚರ ಆಗಿ ಮಾತಾಡಿದ ಮೇಲೇ ಖಾತ್ರಿ, ಅಂದಿದ್ದರು ಡಾಕ್ಟರಮ್ಮ, ಅಮ್ಮನ ಕೂಗಿಲ್ದೆ ನಮ್ ತೋಟ ಹೆಂಗ್ ನಡೀತದೆ ಮೇಡಂ ಅಂತ ಗಂಡ ತಿಪ್ಪೇಶ ನಕ್ಕಿದ್ದ, ನಕ್ಕವನು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡಿದ್ದ, ಪಾಪ, ಈಗ ಕೆಳಗೆ ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದಾನೆ.

ಆಮೇಲೆ ಏನು, ಭೂತಕಾಲ, ಅಬ್ಲೇ, ನಾನು ಮಾತಾಡಿದೆ, ಅಬ್ಲಾಸ್ತೆ, ನೀನು ಮಾತಾಡಿದೆ, ಮುಂದಿನದು — ಬೇಡ, ಅವಳು ಮಾತಾಡಿದಳು ಅನ್ನುವುದು ಬೇಡ, ಬಾಯಿಂದ ಬಂದರೆ ಮುಗಿದುಹೋದ ಹಾಗೆ, ಬಿಟ್ಟು ಮುಂದಕ್ಕೆ ಹೋದಳು, ಅಬ್ಲಾಬ, ದಿನಾ ನಡೆಯುತ್ತಿದ್ದುದಕ್ಕೆ ಇದು, ಮಾತಾಡುತ್ತಿದ್ದೆ, ಮಾತಾಡುತ್ತಿದ್ದೆವು, ಅಲ್ಲಿಯೂ ಅವಳನ್ನು ಹಾರಿಸಿದಳು. ಇದು ಸಾಧು ಕ್ರಿಯಾಪದ ಕಣ್ರೀ, ಬುಡ ಅಲ್ಲಾಡಲ್ಲ, ಬಾಲ ಮಾತ್ರ ಆಡುತ್ತೆ, ಒಂದನ್ನು ಪಳಗಿಸಿಕೊಂಡರೆ ಇಡೀ ಹಿಂಡು ನಿಮ್ಮ ಹಿಂದೆ ಬರುತ್ತೆ, ಅನ್ನುತ್ತಾರೆ ಸ್ಪ್ಯಾನಿಷ್ ಕಲಿಸುವ ಧನಪಾಲ್ ಸರ್ ಮೊಬೈಲಿನೊಳಗಿಂದ, ಅವರಿಗೇನು ಗೊತ್ತು, ಅತ್ತೆಯ ಮಾತು ಯಾವ ಕಾಲಕ್ಕೂ ಪಳಗಿದ್ದಲ್ಲ, ಬಾವಿ ಹತ್ತಿರ ನಿಂತು ಲೇ ತಿಪ್ಪಾ ಅಂದರೆ ತೋಟದ ಆ ತುದಿಯಲ್ಲಿ ಕಾಯಿ ಕೆಡವುವವರು ಕತ್ತಿ ನಿಲ್ಲಿಸುತ್ತಾರೆ, ಅಂತರಘಟ್ಟೆ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ್ ಹೊನ್ನೇಶ್ ಕೂಗು ಕೇಳಿದ ಕೂಡಲೇ ಬೆಲ್ ಎಳೆಯುತ್ತಾನೆ, ಹುಚ್ಚಮ್ಮಾರು ಇನ್ನೂ ಮನೇಲೇ ಇದಾರೆ, ಬರ್ಲಿ ತಡೀರಿ, ಅಂತ ಇಡೀ ಬಸ್ಸನ್ನು ಕಾಯಿಸುತ್ತಾನೆ, ಮದುವೆಯಾದ ಹೊಸದರಲ್ಲಿ ಆ ದನಿ ಕೇಳಿದರೆ ಭುವನಾಳ ಕೈಯ ಪಾತ್ರೆ ಜಾರುತ್ತಿತ್ತು, ಕಡೂರಿನ ತವರಲ್ಲಿ ಎಲ್ಲರೂ ಪಿಸುಮಾತಿನವರು, ಆಮೇಲೆ ರೂಢಿಯಾಯಿತು, ಆಮೇಲೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ, ಆಮೇಲೆ ಮಾತೇ ನಿಂತಿತು.

ಏನು ಮಹಾ ಜಗಳ ಅದು, ಹಾಲು ಉಕ್ಕಿದ್ದು, ಹೋದ ಯುಗಾದಿ ಕಳೆದ ಮರುವಾರ, ಒಲೆಯ ಮೇಲೆ ಹಾಲಿಟ್ಟು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಬ್ಲೊ ಆಬ್ಲಾಸ್ ಅನ್ನುತ್ತಿದ್ದಳು, ಕೋರ್ಸ್ ಮುಗಿದರೆ ಮನೆಯಿಂದಲೇ ಕೆಲಸ ಸಿಗುತ್ತದೆ ಎಂಬ ಆಸೆ, ಹಾಲು ಒಲೆ ತುಂಬಾ ಹರಿದಿತ್ತು, ಕಾಣದೇ ಇರೋ ಜನದ ಹತ್ರ ಹೊತ್ತಾರೆಯಿಂದ ಹಲ್ಲು ಕಿರೀತಾಳೆ, ಮನೇವ್ರ ಹತ್ರ ಮಾತಾಡಕ್ಕೆ ಬಾಯಿಲ್ಲ ಇವಳಿಗೆ, ಅಂದರು ಅತ್ತೆ, ಮನೇವ್ರು ಮಾತಾಡೋ ಥರ ಮಾತಾಡಿದ್ರೆ ನಾನೂ ಮಾತಾಡ್ತೀನಿ, ಅಂದಳು ಇವಳು, ಅಷ್ಟೇ, ಮಾರನೆಯ ದಿನ ಹಿತ್ತಿಲ ಬಚ್ಚಲ ಬಾಗಿಲಲ್ಲಿ ಅತ್ತೆ ಕರುವಿನ ಕೊರಳು ತುರಿಸುತ್ತಾ, ಕೆಂಚೀ, ನೀರು ಕಾದದೆ, ಸ್ನಾನ ಮಾಡೋರು ಮಾಡಬೋದು ಅಂತ ಹೇಳೇ, ಅಂದರು. ಭುವನಾಗೆ ನಗು ಬಂತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು, ಅಡುಗೆಮನೆ ಬಾಗಿಲಲ್ಲಿ ನಿಂತು, ಕೆಂಚೀ, ನನಗೆ ಅವಸರ ಇಲ್ಲ ಅನ್ನು, ಅಂದಳು, ಕೆಂಚಿ ಒಂದು ಕಿವಿಯನ್ನು ಬಚ್ಚಲ ಕಡೆಗೆ, ಒಂದನ್ನು ಅಡುಗೆಮನೆ ಕಡೆಗೆ ತಿರುಗಿಸಿ ನಡುವೆ ನಿಂತುಕೊಂಡಿತು, ಅಂದಿನಿಂದ ಎಲ್ಲವೂ ಅದರ ಮೂಲಕವೇ, ಸಾರಿಗೆ ಉಪ್ಪು ಸಾಲದ್ದು, ಅಜ್ಜಂಪುರದ ಸಂತೆಯಿಂದ ಈರುಳ್ಳಿ ತರಬೇಕಾದ್ದು, ನಿಮ್ಮಿಬ್ರ ಕಾಟಕ್ಕೆ ಆ ಕರು ಓಡಿಹೋಗ್ತದೆ ನೋಡ್ತಿರಿ ಅಂತ ತಿಪ್ಪೇಶ ಬೈದ, ಅದು ಓಡಿಹೋಗಲಿಲ್ಲ, ಇಬ್ಬರ ಮಾತು ಕೇಳಿ ಕೇಳಿಯೇ ಕೊಂಬು ಮೂಡಿ ಕಡಸಾಯಿತು. ಜ್ವರ ಬಂದಾಗ, ಕೆಂಚೀ, ಶುಂಠಿ ಕಷಾಯ ಒಲೆ ಮೇಲದೆ, ಕುಡಿದು ಮಲಗಿದ್ರೆ ಯಾರ ಗಂಟೂ ಹೋಗಲ್ಲ, ಎಂದು ಹಿತ್ತಿಲಿನಿಂದ ಕೇಳಿತ್ತು, ಕಷಾಯಕ್ಕೆ ಬೆಲ್ಲ ಜಾಸ್ತಿಯೇ ಬಿದ್ದಿತ್ತು, ಅವತ್ತೇ ಹೋಗಿ ಅತ್ತೆ ಅಂದುಬಿಡಬಹುದಿತ್ತು, ಬಾಯಿವರೆಗೆ ಬಂದದ್ದು, ಮೊದಲು ಅವರೇ ಅನ್ನಲಿ ಎಂಬ ಹಟ, ಆ ಕಡೆಯೂ ಅದೇ ಹಟ, ಕೆಂಚಿಯ ಕಿವಿ ಮಾತ್ರ ಆ ಕಡೆ ಈ ಕಡೆ.

ಇವತ್ತು ಬೆಳಿಗ್ಗೆ ಹೊರಡುವಾಗ — ಇದನ್ನು ನೆನೆಯಬಾರದು ಅಂದುಕೊಂಡಿದ್ದಳು, ಅಬ್ಲರೇ, ಮಾತಾಡುವೆನು, ಅಬ್ಲರಾಸ್, ಮಾತಾಡುವೆ — ಅತ್ತೆ ತಲೆ ಬಾಚಿ, ಒಗೆದ ಸೀರೆ ಉಟ್ಟು, ಹಿತ್ತಿಲಿಗೆ ಹೋಗಿ ಕೆಂಚಿಯ ಹಣೆಗೆ ಹಣೆ ಇಟ್ಟು, ನಾಳೆಯಿಂದ ನಾನು ಕೂಗಿದ್ರೂ ನಿಂಗೆ ಕೇಳಿಸ್ತದೋ ಇಲ್ವೋ, ನೀರಿಗೆ ಯಾರನ್ನ ಕೇಳ್ತೀಯೇ, ಅಂದರು, ಅದೇನು ಕಡಸಿಗೆ ಹೇಳಿದ ಮಾತೇ, ನಾನಿದೀನಿ ಅನ್ನು ಕೆಂಚೀ, ಅಂದುಬಿಟ್ಟಳು ಭುವನಾ, ಆಗಲೂ ಅತ್ತೆಯ ಮುಖ ನೋಡಿ ಹೇಳಲಿಲ್ಲ ನೋಡು, ತರೀಕೆರೆವರೆಗೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು, ಅತ್ತೆಯ ಕೈ ಸೀರೆಯ ಸೆರಗನ್ನು ಸುತ್ತುತ್ತಿತ್ತು ಬಿಚ್ಚುತ್ತಿತ್ತು, ಹಿಡಿದುಕೊಳ್ಳಬಹುದಿತ್ತು ಆ ಕೈಯನ್ನು, ಈಗ ಒಳಗೆ ಆ ನರಕ್ಕೆ ಏನಾದರೂ ಆದರೆ ಆ ದನಿ ಕೊನೆಗೆ ಆಡಿದ ಮಾತು ಕಡಸಿಗೆ ಆಡಿದ್ದೇ ಆಗುತ್ತದೆ, ತನಗೆ ಅಂತ ಉಳಿಯುವುದು ಆ ಉಕ್ಕಿದ ಹಾಲೊಂದೇ, ಅಬ್ಲರಾ, ಮಾತಾಡುವಳು, ಇದನ್ನು ಹಾರಿಸಲಿಲ್ಲ, ಇದನ್ನೇ ಹಿಡಿದುಕೊಂಡಳು, ಅಬ್ಲರಾ, ಟಕ್, ಅಬ್ಲರಾ, ಟಕ್, ಬೈಯಲಿ ಬೇಕಾದರೆ, ಊರೆಲ್ಲ ಕೇಳುವ ಹಾಗೆ ಬೈಯಲಿ, ದೇವರೇ, ಒಂದು ಸಲ.

ಬಾಗಿಲು ತೆರೆಯಿತು, ಮುಗೀತು, ಚೆನ್ನಾಗೇ ಆಯ್ತು, ಬನ್ನಿ ಒಳಗೆ, ಅಂದವರು ನರ್ಸ್ ಕೋಮಲಾ, ಒಳಗಿನ ಹಾಸಿಗೆಯ ಮೇಲೆ ಅತ್ತೆ ಯಾವಾಗ ಇಷ್ಟು ಚಿಕ್ಕವರಾಗಿಹೋದರು, ಕುತ್ತಿಗೆಗೆ ಬಿಳಿ ಪಟ್ಟಿ, ಅರೆತೆರೆದ ಕಣ್ಣು, ಅಮ್ಮಾ, ಹೆಸರು ಹೇಳಿ ನೋಡೋಣ, ಅಂದರು ಕೋಮಲಾ, ತುಟಿ ಅಲುಗಿತು, ಏನೂ ಬರಲಿಲ್ಲ, ಇನ್ನೊಮ್ಮೆ ಅಲುಗಿತು, ಗಾಳಿ ಮಾತ್ರ ಬಂತು, ಸೊಸೆ ಅಲ್ವಾ ನೀವು, ನೀವೇ ಮಾತಾಡ್ಸಿ, ಗೊತ್ತಿರೋ ದನಿ ಕೇಳಿದ್ರೆ ಬೇಗ ಮಾತಾಡ್ತಾರೆ, ಎಂದು ಕೋಮಲಾ ಡ್ರಿಪ್ ಸರಿಮಾಡಲು ಆ ಕಡೆ ತಿರುಗಿದರು, ಈಗ ಆಬ್ಲೊ ಇಲ್ಲ, ಅಬ್ಲೇ ಇಲ್ಲ, ಕಲಿತ ಒಂದೂ ಕಾಲ ನೆನಪಿಗಿಲ್ಲ, ಅತ್ತೆ, ಅಂದಳು, ಎಷ್ಟು ಸುಲಭವಾಗಿತ್ತು, ಅತ್ತೆ, ನಾನು ಭುವನಾ, ಮಾತಾಡಿ ಅತ್ತೆ. ಕಣ್ಣು ಪೂರ್ತಿ ತೆರೆಯಿತು, ಗೋಡೆ ನೋಡಿತು, ಪರದೆ ನೋಡಿತು, ಯಾರ ಮೂಲಕ ಹೇಳಲಿ ಎಂದು ಹುಡುಕಿತೇನೋ, ತರೀಕೆರೆಯ ಆಸ್ಪತ್ರೆಯಲ್ಲಿ ಕಡಸನ್ನು ಎಲ್ಲಿಂದ ತರುವುದು, ಕಣ್ಣು ತಿರುಗಿ ಬಂದು ಇವಳ ಮೇಲೆ ನಿಂತಿತು, ಪಟ್ಟಿಯ ಕೆಳಗೆ ಗಂಟಲು ಏರಿ ಇಳಿಯಿತು, ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ ಕಿರುಗುಟ್ಟುತ್ತಾ ಬಂತು, ಲೇ ಭುವನಾ, ಕೆಂಚಿಗೆ ನೀರಿಟ್ಟು ಬಂದ್ಯೇನೇ.

ಇಟ್ಟೆ ಅತ್ತೆ, ಬಕೆಟ್ ತುಂಬ ಇಟ್ಟೆ, ಕುಡೀತಾ, ಕುಡೀತು ಅತ್ತೆ, ಹುಲ್ಲೂ ಹಾಕಿದೀನಿ, ಸಾಕು ಸಾಕು ಅಮ್ಮ, ದನಿ ಚೆನ್ನಾಗೇ ಇದೆ, ಇವತ್ತು ಜಾಸ್ತಿ ಮಾತು ಬೇಡ ಅಂತ ಕೋಮಲಾ ಗದರುತ್ತಿದ್ದಾರೆ, ಹುಚ್ಚಮ್ಮಗೆ ಜಾಸ್ತಿ ಮಾತು ಬೇಡವಂತೆ, ಭುವನಾ ನಗುತ್ತಿದ್ದಾಳೆ, ಕೆನ್ನೆಯೆಲ್ಲ ಒದ್ದೆ, ಎದೆಯ ಮೇಲಿಂದ ಒರಳುಕಲ್ಲು ಎತ್ತಿದ ಹಾಗೆ ಉಸಿರು ಸಲೀಸಾಗಿ ಆಡುತ್ತಿದೆ, ಔಷಧಿ ಚೀಲ ಹಿಡಿದು ಬಾಗಿಲಲ್ಲಿ ತಿಪ್ಪೇಶ, ಏನಂತೆ, ಮಾತಾಡ್ತಾ ಅಮ್ಮ, ಅಬ್ಲೋ ಕಣ್ರೀ, ಅಂದುಬಿಟ್ಟಳು, ಏನಂದೆ, ಮಾತಾಡಿದ್ರು ಅಂದೆ, ನನ್ನ ಹತ್ರಾನೇ ಮಾತಾಡಿದ್ರು, ಹಾರಿಸಿದ್ದ ಅವಳು ತಾನಾಗಿಯೇ ಬಂದು ಸಾಲಿನಲ್ಲಿ ನಿಂತಳು, ಅಬ್ಲೇ, ಅಬ್ಲಾಸ್ತೆ, ಅಬ್ಲೋ, ಮುಗಿದದ್ದು ಏನೂ ಇಲ್ಲ, ನಾಳೆ ಪರೀಕ್ಷೆ ಹೇಗಾದರೂ ಆಗಲಿ, ಅತ್ತೆಯ ಕೈ ಸೆರಗು ಹುಡುಕುತ್ತಿತ್ತು, ಈ ಸಲ ಹಿಡಿದುಕೊಂಡಳು, ಮನೆಗೆ ಹೋದ ಮೇಲೆ ಇಬ್ಬರೂ ಹಿತ್ತಿಲಲ್ಲಿ ನೇರಾನೇರ ಮಾತಾಡುತ್ತಾರೆ, ಅಬ್ಲರೇಮೋಸ್, ಜಗಳವನ್ನೂ ನೇರಾನೇರ ಆಡುತ್ತಾರೆ, ಆಗ ಕೆಂಚಿ ಏನು ಮಾಡುತ್ತದೆ, ಪಾಪ, ಅದಕ್ಕೆ ಯಾರೂ ಏನೂ ಹೇಳುವುದಿಲ್ಲ, ಈಗಲೂ ಅಲ್ಲಿ ಗೂಟದ ಹತ್ತಿರ ಖಾಲಿ ಬಕೆಟ್ಟಿನ ಮುಂದೆ ನಿಂತು ಕಾಯುತ್ತಿರುತ್ತದೆ, ಒಂದು ಕಿವಿ ಬಚ್ಚಲ ಕಡೆಗೆ, ಒಂದು ಕಿವಿ ಅಡುಗೆಮನೆ ಬಾಗಿಲ ಕಡೆಗೆ —