ಅರ್ಧಬೆಟ್ಟ

"ಹಿಮ್ಮಡಿ ಎತ್ತೋ," ಎಂದ ರಮೇಶ್. ಶ್ರೀಧರ ಎತ್ತಿದ. ಉಣ್ಣೆಯ ಕಾಲುಚೀಲ ಬೆರಳುಗಳನ್ನು ದಾಟಿ, ಪಾದದ ನಡುವೆ ಬಂದು ನಿಂತುಬಿಟ್ಟಿತು. ಬದುಕಿದ್ದಷ್ಟು ದಿನ ಯಾರ ಕೆಲಸಕ್ಕೂ ಅಡ್ಡಗಾಲು ಹಾಕದಿದ್ದ ಚಂದ್ರಶೇಖರ ಇವತ್ತು ಮೊದಲ ಸಲ ಹಟ ಹಿಡಿದಿದ್ದ.

ಅಂತ್ಯಕ್ರಿಯೆ ನಡೆಸಿಕೊಡುವ ಸ್ಟರ್ಲಿಂಗ್ ಹೈಟ್ಸಿನ ಫ್ಯೂನರಲ್ ಹೋಮಿನ ಹಿಂದಿನ ಕೋಣೆ. ರೇಷ್ಮೆ ಪಂಚೆ ಉಡಿಸಿ, ಶಲ್ಯ ಹೊದಿಸಿ ಆಗಿತ್ತು. ಕಾಲುಚೀಲ ಮಾತ್ರ ಬಾಕಿ. ಟ್ರಾಯ್ ದೇವಸ್ಥಾನದಿಂದ ಬಂದ ಪುರೋಹಿತರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಶಾಸ್ತ್ರದಲ್ಲಿ ಸಾಕ್ಸ್ ಇಲ್ಲ," ಎಂದರು.

"ಶಾಸ್ತ್ರ ಬರೆದೋರು ಮಿಶಿಗನ್‌ನಲ್ಲಿ ಇರ್ಲಿಲ್ಲ ಸ್ವಾಮಿ." ನೇಪರ್‌ವಿಲ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ ರಮೇಶನಿಗೆ ಅಷ್ಟು ಹೇಳುವ ಹಕ್ಕಿತ್ತು. "ರೇಣು ಹೇಳಿದಾರೆ. ಹಾಕ್ಲೇಬೇಕು."

"ಇನ್ನೊಂದು ಗಂಟೆ ಆದ್ಮೇಲೆ ಅವರಿಗೆ ಚಳಿ ಪ್ರಶ್ನೆ ಬರಲ್ಲ," ಎಂದ ಪುರೋಹಿತರು, ಹೇಳಿದ್ದು ಏನೆಂದು ಹೊಳೆದು, ಕಾರಿಡಾರಿನ ಕಡೆ ಸರಿದರು.

ಚಂದ್ರುವಿನ ಕಾಲು ಯಾವಾಗಲೂ ಥಂಡಿ. ಜುಲೈನಲ್ಲೂ ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದ ಎಂದು ಹೇಳಿ ಅವನ ಹೆಂಡತಿ ರೇಣು ಬೆಳಿಗ್ಗೆಯೇ ಈ ಜೋಡಿಯನ್ನು ಶ್ರೀಧರನ ಕೈಗಿಟ್ಟಿದ್ದಳು. ಶ್ರೀಧರ ಎಡಗಾಲನ್ನು ನೋಡಿದ. ಕೊನೆಯ ಎರಡು ಬೆರಳುಗಳಿಗೆ ಉಗುರಿಲ್ಲ. ಚರ್ಮಕ್ಕೆ ಹಳೇ ಬೆಲ್ಲದ ಬಣ್ಣ. ಯಾಕೆ ಹಾಗಾಯಿತು ಎಂದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರು. ಅದರಲ್ಲೊಬ್ಬ ಈಗ ಮೇಜಿನ ಮೇಲಿದ್ದ.

ಚಂದ್ರು ಅಂಟಿನ ಇಂಜಿನಿಯರ್. ಟ್ರಾಯ್‌ನ ಒಂದು ಬಿಡಿಭಾಗದ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ, ಕಾರಿನ ಬಾಗಿಲ ಸುತ್ತಲಿನ ರಬ್ಬರು ಕಿತ್ತು ಬರದಂತೆ ನೋಡಿಕೊಂಡಿದ್ದ. ಬಾಗಿಲು ಹಾಕಿದಾಗ 'ಧಡ್' ಎನ್ನದೆ 'ಧಬ್' ಎಂದರೆ ಅದರಲ್ಲಿ ಅವನ ಪಾಲಿದೆ. ಭಾನುವಾರ ಬೆಳಿಗ್ಗೆ, ರಾಚೆಸ್ಟರ್ ಹಿಲ್ಸಿನ ಮನೆಯ ಗರಾಜಿನಲ್ಲಿ ಏನೋ ಅಂಟಿಸುತ್ತಾ ನಿಂತವನು ಕಾಫಿಗೆ ಕರೆದರೆ ಓಗೊಡಲಿಲ್ಲ. ಐವತ್ತನಾಲ್ಕು ವರ್ಷ.

"ಶ್ರೀಧರ್ ಅಂಕಲ್?" ಬಾಗಿಲಲ್ಲಿ ಹರ್ಷಿತಾ. ಒಬ್ಬಳೇ ಮಗಳು, ಇಪ್ಪತ್ತೊಂದು ವರ್ಷ. ಕಣ್ಣು ಊದಿತ್ತು. "ಐ ನೀಡ್ ಅ ಫೇವರ್. ನಾನು ಮಾತಾಡಿದ್ಮೇಲೆ ನೀವು ಹಾಫ್ ಮೌಂಟನ್ ಸ್ಟೋರಿ ಹೇಳ್ಬೇಕು. ಎಲ್ರೂ ಅಳ್ತಾ ಇದಾರೆ. ಡ್ಯಾಡ್ ವುಡ್ ಹೇಟ್ ದಟ್."

"ಅದು ಇವತ್ತು ಬೇಡ ಪುಟ್ಟಾ."

"ಪ್ಲೀಸ್."

ಕಾಲುಚೀಲ ಸರಕ್ಕನೆ ಮೇಲಕ್ಕೆ ಬಂತು.

ಆ ಕತೆ ಕೇಳದ ಕನ್ನಡಿಗ ಓಕ್‌ಲ್ಯಾಂಡ್ ಕೌಂಟಿಯಲ್ಲಿ ಇರಲಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ದೀಪಾವಳಿ ಪಾಟ್‌ಲಕ್ಕಿನಲ್ಲಿ ಶ್ರೀಧರ ಅದನ್ನು ಹೇಳಿದ್ದ: ಮೂವರು ಬೆಟ್ಟ ಹತ್ತಲು ಹೋದದ್ದು, ಚಂದ್ರು ಅರ್ಧದಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಹಿಮದ ಮೇಲೆ ಕೂತು, "ನೀವು ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ" ಅಂದದ್ದು. ನಾಲ್ಕನೇ ವರ್ಷ ಕತೆಗೆ ಒಂದು ಕರಡಿ ಬಂತು. ಏಳನೇ ವರ್ಷ ಅದು ಉಪ್ಪಿನಕಾಯಿ ಕೇಳಿತು. ಸಾಕ್ಷಿ ಯಾರೂ ಕೇಳಲಿಲ್ಲ. ಶ್ರೀಧರನ ಕತೆಗಳಲ್ಲಿ ಜಿಂಕೆ ಕಾರಿಗೆ ಅಡ್ಡ ಬಂದರೆ ಸಾಲದು. ಒಳಗೆ ಹತ್ತಿ ಸೀಟ್‌ಬೆಲ್ಟ್ ಹಾಕಿಕೊಂಡು, ಮುಂದಿನ ಎಕ್ಸಿಟ್‌ನಲ್ಲಿ ಇಳಿಸಿ ಎನ್ನಬೇಕು.

ಚಂದ್ರುವಿನ ಹೆಸರೇ ಅರ್ಧಬೆಟ್ಟ ಎಂದಾಯಿತು. ಕರೆದರೆ ಅವನು ನಗುತ್ತಿದ್ದ.

\*

ಹನ್ನೊಂದು ವರ್ಷದ ಹಿಂದೆ, ಏಪ್ರಿಲ್ ಎರಡನೇ ವಾರ. ಉತ್ತರಕ್ಕೆ ಹತ್ತು ಗಂಟೆ ಡ್ರೈವ್ ಮಾಡಿ, ಮ್ಯಾಕಿನಾ ಸೇತುವೆ ದಾಟಿ ಅಪ್ಪರ್ ಪೆನಿನ್ಸುಲಾಗೆ ಹೋಗಿದ್ದರು. ಚಾಮುಂಡಿ ಬೆಟ್ಟ ನೋಡಿ ಬೆಳೆದವರು ಅಲ್ಲಿನ ಗುಡ್ಡವನ್ನು ಬೆಟ್ಟ ಎನ್ನಲು ಸ್ವಲ್ಪ ಯೋಚಿಸಬೇಕು. ಆದರೆ ಚಾಮುಂಡಿಗೆ ಮೆಟ್ಟಿಲಿದೆ. ಇಲ್ಲಿ ಮೆಟ್ಟಿಲಿಲ್ಲ, ಎಳೆದೊಯ್ಯುವ ಲಿಫ್ಟೂ ಇಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು ತಾವೇ ಹತ್ತಬೇಕು, ಜಾರಿಕೊಂಡು ಇಳಿಯಬೇಕು. ಹತ್ತುವಾಗ ಸ್ಕೀಯ ತಳಕ್ಕೆ ಸ್ಕಿನ್ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಒಂದು ಬದಿ ಅಂಟು, ಇನ್ನೊಂದು ಬದಿ ಬೆಕ್ಕಿನ ಮೈಯಂಥ ರೋಮ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ.

ಅಂಟಿಗೆ ಅಂಟು ಸೇರಿಸಿ ಮಡಿಚಿಟ್ಟ ಸ್ಕಿನ್ ಬಿಡಿಸಲು ಇಬ್ಬರು ಬೇಕು. ಬೆಳಿಗ್ಗೆ ಚಂದ್ರು ತನ್ನದರ ಒಂದು ತುದಿ ಹಿಡಿದ, ಶ್ರೀಧರ ಇನ್ನೊಂದು. ಹಗ್ಗಜಗ್ಗಾಟದಲ್ಲಿ ಪಟ್ಟಿ ಪರ್ರ್ ಎಂದು ಬಿಟ್ಟುಕೊಂಡು ಇಬ್ಬರೂ ಕುಂಡೆ ಮೇಲೆ ಬಿದ್ದರು.

"ಅಂಟು ಅಂದ್ರೆ ಹಿಂಗಿರ್ಬೇಕು," ಎಂದ ಚಂದ್ರು ಬಿದ್ದಲ್ಲಿಂದಲೇ. "ನಿಂದು ಒಣಗಿಸಿದ್ಯಾ?"

"ಹೂಂ ಹೂಂ," ಎಂದ ಶ್ರೀಧರ. ಅವನ ಸ್ಕಿನ್ ರಾತ್ರಿಯೆಲ್ಲ ಒದ್ದೆಯಾಗಿ ಡಿಕ್ಕಿಯಲ್ಲಿತ್ತು.

ಆ ದಿನಕ್ಕಾಗಿ ಚಂದ್ರು ನಾಲ್ಕು ತಿಂಗಳು ತಯಾರಿ ಮಾಡಿದ್ದ. ಬೆನ್ನಿಗೆ ಹತ್ತು ಪೌಂಡ್ ಸೋನಾ ಮಸೂರಿ ಹೊತ್ತು ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿಳಿಯುತ್ತಿದ್ದ. ತುದಿಯಿಂದ ಲೇಕ್ ಸುಪೀರಿಯರ್‌ನ ಮಂಜುಗಡ್ಡೆ ಒಡೆಯುವುದು ಕಾಣುತ್ತದೆ ಎಂದು ರಮೇಶ್ ಒಂದು ಸಲ ಬಾಯಿಬಿಟ್ಟಿದ್ದೇ ಇದಕ್ಕೆ ಕಾರಣ.

ಹತ್ತು ಗಂಟೆಯ ಬಿಸಿಲಿಗೆ ಹಿಮ ಗಂಜಿಯಾಯಿತು. ರಮೇಶ್ ಮುಂದೆ ಹೋಗಿ ಮರಗಳ ಆಚೆ ಮಾಯವಾಗಿದ್ದ. ಅರ್ಧ ದಾರಿಯಲ್ಲಿ ಶ್ರೀಧರನ ಸ್ಕಿನ್ ಎರಡೂ ಕಿತ್ತು ಬಂದವು. ಮೂರು ಸಲ ಹಿಂದಕ್ಕೆ ಜಾರಿದ. ನಾಲ್ಕನೇ ಸಲ ಕೂತ. ನಲವತ್ತೆರಡು ವರ್ಷದ ಗಂಡಸು, ಎರಡು ಕಾರು, ಒಂದು ಮನೆ. ಹಿಮದಲ್ಲಿ ಕೂತು ಮಕ್ಕಳ ಹಾಗೆ ಅತ್ತ.

"ನಂಗಾಗಲ್ಲ ಕಣೋ ಚಂದ್ರು."

ಚಂದ್ರು ಒಮ್ಮೆ ತುದಿಯ ಕಡೆ ನೋಡಿದ. ಆಮೇಲೆ ಬಗ್ಗಿ ತನ್ನ ಸ್ಕಿನ್ ಬಿಚ್ಚಿದ. ಶ್ರೀಧರನ ಸ್ಕೀಗೆ ಅಂಟಿಸಿ, ಕಾರಿನ ಬಾಗಿಲಿಗೆ ರಬ್ಬರು ಕೂರಿಸುವವನಂತೆ ಉದ್ದಕ್ಕೂ ಹೆಬ್ಬೆರಳಲ್ಲಿ ಒತ್ತಿದ.

"ಹೋಗು. ರಮೇಶ ಒಬ್ನೇ ಇದಾನೆ."

"ನೀನು?"

"ನಿಂದು ಇಲ್ಲಿಟ್ಕೋತೀನಿ." ಒದ್ದೆ ಸ್ಕಿನ್‌ಗಳನ್ನು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡ. "ಬಿಸಿ ಆದ್ರೆ ಮತ್ತೆ ಹಿಡ್ಯುತ್ತೆ. ಅಲ್ಲೀವರೆಗೂ ನಡೀತೀನಿ."

ಶ್ರೀಧರ ಹತ್ತಿದ. ಮೊದಲ ಸಲ ತಿರುಗಿ ನೋಡಿದಾಗ ಚಂದ್ರು ಸ್ಕೀಗಳನ್ನು ಹೆಗಲಿಗೇರಿಸಿ ತೊಡೆಯವರೆಗೆ ಹೂತುಕೊಂಡಿದ್ದ. ಎರಡನೇ ಸಲ ಸೊಂಟದವರೆಗೆ. ಮೂರನೇ ಸಲ ಅವನು ನೋಡಲಿಲ್ಲ.

"ಚಂದ್ರು ಎಲ್ಲೋ?" ಎಂದ ರಮೇಶ್ ತುದಿಯಲ್ಲಿ.

ಶ್ರೀಧರ ನಿಜ ಹೇಳಲು ಬಾಯಿ ತೆರೆದದ್ದು ಹೌದು. "ಅರ್ಧದಲ್ಲೇ ಡಬ್ಬಿ ಬಿಚ್ಕೊಂಡು ಕೂತ್ಬಿಟ್ಟ. ನೀವು ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ ಅಂದ."

ರಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ಚೆನ್ನಾಗಿ ನಕ್ಕವನ ಮುಂದೆ ಮಾತು ತಿದ್ದುವುದು ಯಾರಿಗಾದರೂ ಕಷ್ಟ. ಕೆಳಗೆ ಸರೋವರದ ಗಡ್ಡೆ ಒಡೆದು, ನಡುವೆ ನೀಲಿ ಕಾಣುತ್ತಿತ್ತು. ಶ್ರೀಧರ ಎರಡು ಫೋಟೋ ತೆಗೆದ.

ಇಳಿದು ಬಂದಾಗ ಚಂದ್ರು ಬಿದ್ದ ಮರದ ಮೇಲೆ ಕೂತು ಕಾಲುಚೀಲ ಹಿಂಡುತ್ತಿದ್ದ. ಕಾಲಿನ ಬೆರಳು ಬೆಳ್ಳಗಾಗಿದ್ದವು.

"ಏನೋ ಅರ್ಧಬೆಟ್ಟ, ಚಿತ್ರಾನ್ನ ಖಾಲಿ ಮಾಡ್ಬಿಟ್ಯಾ?" ಎಂದ ರಮೇಶ್.

ಚಂದ್ರು ಶ್ರೀಧರನ ಮುಖ ನೋಡಿದ. ಅಂಟು ಒಣಗಿದೆಯೇ ಎಂದು ಬೆರಳು ತಾಗಿಸಿ ನೋಡುವಷ್ಟು ಹೊತ್ತು.

"ಹಸಿವಾಯ್ತು ಕಣೋ," ಎಂದ. ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಂದು ಅಗುಳೂ ಕದಲಿರಲಿಲ್ಲ. ರೇಣು ಮೇಲೆ ಉದುರಿಸಿದ್ದ ಕಡಲೆಬೀಜ ಹಾಗೇ ಇತ್ತು. ರಮೇಶ್ ಎರಡು ತುತ್ತಿನಲ್ಲಿ ಆ ಸಾಕ್ಷಿಯನ್ನು ತಿಂದುಹಾಕಿದ.

ಊರಿಗೆ ಬಂದ ಮೇಲೆ ಶ್ರೀಧರನ ಸ್ಕಿನ್ ಚಂದ್ರುವಿನಲ್ಲೇ ಉಳಿಯಿತು. "ಇರ್ಲಿ ಬಿಡು, ಅಂಟು ನನ್ನ ಇಲಾಖೆ." ಆಮೇಲೆ ಪ್ರತಿ ವರ್ಷ ಹಿಮ ಕರಗುವ ಹೊತ್ತಿಗೆ ಒಂದು ಮೆಸೇಜ್. ಪ್ರತಿ ವರ್ಷ ಶ್ರೀಧರನಿಗೆ ಒಂದು ಕೆಲಸ. ಕಳೆದ ಗುರುವಾರವೂ ಬಂದಿತ್ತು: "ಶ್ರೀ, ಮೇಲೆ ಇನ್ನೂ ಸ್ನೋ ಇದೆಯಂತೆ. ಮುಂದಿನ ವೀಕೆಂಡ್?" ಶ್ರೀಧರ ಹೆಬ್ಬೆರಳಿನ ಚಿತ್ರ ಒತ್ತಿ ಫೋನ್ ಜೇಬಿಗೆ ಹಾಕಿಕೊಂಡಿದ್ದ.

\*

"ಮೈ ಡ್ಯಾಡ್ ವಾಸ್ ನಾಟ್ ಅ ಫಿನಿಶರ್," ಎಂದಳು ಹರ್ಷಿತಾ ಮೈಕಿನ ಮುಂದೆ. ಮುಂದಿನ ಸಾಲುಗಳು ಅಳುತ್ತಲೇ ನಕ್ಕವು. "ಹೋದ ವರ್ಷ ನಾವು ಫ್ರೆಂಡ್ಸ್ ಎಲ್ಲಾ ಕೊಲರಾಡೋಗೆ ಹೈಕಿಂಗ್ ಹೋದ್ವಿ. ಡ್ಯಾಡ್ ನಾನೂ ಬರ್ಲಾ ಅಂತ ಕೇಳಿದ್ರು. ನಾನಂದೆ, ನೋ ಡ್ಯಾಡ್, ಯು ವಿಲ್ ಸಿಟ್ ಡೌನ್ ಹಾಫ್‌ವೇ. ಹೀ ಲಾಫ್ಡ್ ಸೋ ಹಾರ್ಡ್." ಕೈಯಲ್ಲೇ ಶ್ರೀಧರನನ್ನು ಕರೆದಳು.

ಶ್ರೀಧರ ಎದ್ದು ಮೈಕಿನ ಬಳಿ ಹೋದ. ಪೆಟ್ಟಿಗೆಯಲ್ಲಿ ಉಣ್ಣೆಯ ಎರಡು ಪಾದಗಳು ಕಾಣುತ್ತಿದ್ದವು. ಅವು ಬೆಂಕಿಗೆ ಹೋಗುವ ಮುಂಚೆ ಈ ಹುಡುಗಿಗೆ ನಿಜ ಗೊತ್ತಾಗಲೇಬೇಕು.

"ಏಪ್ರಿಲ್ ತಿಂಗಳು," ಎಂದ. "ಚಂದ್ರು ತಲೆ ಮೇಲೆ ಎಷ್ಟು ಕೂದ್ಲಿತ್ತೋ, ಬೆಟ್ಟದ ಮೇಲೆ ಅಷ್ಟೇ ಸ್ನೋ." ಹನ್ನೊಂದು ವರ್ಷದ ಚಾಳಿ, ಮೊದಲ ವಾಕ್ಯ ತಾನಾಗಿ ಬಂದುಬಿಟ್ಟಿತ್ತು. ಎಲ್ಲರೂ ನಕ್ಕರು.

"ಇಲ್ಲ, ಕೇಳಿ. ಅರ್ಧದಲ್ಲಿ ಕೂತಿದ್ದು ಅವನಲ್ಲ. ನಾನು. ಕೂತು ಅತ್ತೆ."

ನಗು ಜೋರಾಯಿತು.

"ಅವನು ತನ್ನ ಸ್ಕಿನ್ ಬಿಚ್ಚಿ ನಂಗೆ ಕೊಟ್ಟ. ಸೊಂಟದವರೆಗೂ ಹೂತ್ಕೊಂಡು ನಡ್ದ."

"ಕರಡಿ ಯಾವಾಗ ಬರುತ್ತೆ ಶ್ರೀಧರ್?" ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಕರಡಿ ಇರ್ಲಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಪುರೋಹಿತರೂ ಶಲ್ಯದ ತುದಿ ಬಾಯಿಗೆ ಇಟ್ಟುಕೊಂಡರು.

"ಡಬ್ಬಿ ಮುಟ್ಟೇ ಇರ್ಲಿಲ್ಲ ಅವನು," ಎಂದ ಶ್ರೀಧರ. ಪೆಟ್ಟಿಗೆಯ ಕಡೆ ತಿರುಗಿ ಕೈ ಮುಗಿದ. ಅದನ್ನೂ ಅಭಿನಯ ಎಂದುಕೊಂಡು ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಹರ್ಷಿತಾ ಬಂದು ತಬ್ಬಿಕೊಂಡಳು. "ಬೆಸ್ಟ್ ವರ್ಷನ್ ಎವರ್, ಅಂಕಲ್."

"ಇದು ವರ್ಷನ್ ಅಲ್ಲಮ್ಮಾ."

"ಐ ನೋ, ಐ ನೋ," ಎಂದು ಬೆನ್ನು ಸವರಿದಳು. ರಮೇಶ್ ಕಣ್ಣೊರೆಸಿಕೊಳ್ಳುತ್ತಾ, "ಫ್ರೆಂಡ್ ಅಂದ್ರೆ ಹಿಂಗೆ ತನ್ನ ಮರ್ಯಾದೆನೇ ಬಿಟ್ಟುಕೊಡ್ಬೇಕು ಕಣೋ," ಎಂದ.

ಶ್ರೀಧರ ನೇರ ರೇಣುವಿನ ಬಳಿ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತ. "ರೇಣು, ನೀವಾದ್ರೂ ನಂಬಿ."

"ಅವರಿಗೋಸ್ಕರ ನೀವು ಸುಳ್ಳು ಹೇಳ್ಬೇಕಾಗಿಲ್ಲ ಶ್ರೀಧರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತೇ ಮನೆಗೆ ಬಂದು ಹೇಳಿದ್ರು. ಕೂತ್ಬಿಟ್ಟೆ ಕಣೇ, ನಿನ್ನ ಚಿತ್ರಾನ್ನ ಬಿಟ್ಟು ಮೇಲೆ ಹೋಗಕ್ಕೆ ಮನಸ್ಸು ಬರ್ಲಿಲ್ಲ ಅಂತ. ಅದಕ್ಕೇ ಪ್ರತಿ ಭಾನುವಾರ ಮಾಡ್ತಿದ್ದೆ. ಮೊನ್ನೆನೂ ಒಗ್ಗರಣೆ ಹಾಕಿದ್ದೆ."

"ಮತ್ತೆ ಆ ಕಾಲ್ಬೆರಳು?"

"ಸ್ನೋದಲ್ಲಿ ಕೂತು ತಿಂದ್ರೆ ಇನ್ನೇನಾಗುತ್ತೆ ಹೇಳಿ." ಅವಳು ಸ್ವಲ್ಪ ನಕ್ಕಳು. ಸತ್ತವನ ಮೇಲೆ ಹೆಂಡತಿಗೆ ಮಾತ್ರ ಬರುವ ಸಣ್ಣ ಹೆಮ್ಮೆ ಆ ನಗುವಿನಲ್ಲಿತ್ತು.

ಶ್ರೀಧರ ಎದ್ದು ತನ್ನ ಸಾಲಿಗೆ ಹೋದ.

ಮಂತ್ರ ಮುಗಿಯಿತು. ಒಳಗಿನ ಕೋಣೆಯಲ್ಲಿ ಫ್ಯೂನರಲ್ ಹೋಮಿನವರು ದಹನಯಂತ್ರದ ಗುಂಡಿ ತೋರಿಸಿದರು. ಹರ್ಷಿತಾ ಅಮ್ಮನ ಕೈ ಹಿಡಿದುಕೊಂಡು ಅದನ್ನು ಒತ್ತಿದಳು.

ಹೊರಡುವಾಗ ರೇಣು ಒಂದು ಬಟ್ಟೆಚೀಲ ಕೊಟ್ಟಳು. "ಗರಾಜ್ ಟೇಬಲ್ ಮೇಲಿತ್ತು. ಭಾನುವಾರ ಇದನ್ನೇ ಮಾಡ್ತಿದ್ರು. ನಿಮ್ಮ ಹೆಸರಿದೆ."

ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಚಳಿಗಾಲದ ಹಿಮದ ಕೊನೆಯ ಗುಡ್ಡೆ, ಕಪ್ಪಗೆ, ಕರಗಿ ಹರಿಯುತ್ತಿತ್ತು. ಶ್ರೀಧರ ಚೀಲ ಬಿಚ್ಚಿದ. ತನ್ನವೇ ಎರಡು ಸ್ಕಿನ್. ಬಿಳಿ ಮಾರ್ಕರಿನಲ್ಲಿ 'ಶ್ರೀ' ಎಂದು ಬರೆದಿತ್ತು. ಹೊಸ ಅಂಟು ಹಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಚಿಟ್ಟಿದ್ದವು. ಒಂದನ್ನು ಬಿಡಿಸಲು ನೋಡಿದ. ಉಗುರು ಹಾಕಿದ. ಎಳೆದ. ಕದಲಲಿಲ್ಲ.

ಸುತ್ತಲೂ ಜನ ಕಾರು ಹತ್ತುತ್ತಿದ್ದರು. ಧಬ್. ಧಬ್. ಧಬ್. ರಮೇಶನ ಕಾರು ಆಗಲೇ ಗೇಟು ದಾಟಿತ್ತು.

ಶ್ರೀಧರ ತನ್ನ ಕಾರಿನ ಬಾಗಿಲು ತೆರೆದು, ಪಟ್ಟಿಯ ಒಂದು ತುದಿಯನ್ನು ಒಳಗಿಟ್ಟು, ಬಾಗಿಲು ಹಾಕಿದ. ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದು, ಕೆಸರು ನೀರಿನಲ್ಲಿ ಬೂಟು ಊರಿ, ಇಡೀ ಮೈ ಹಿಂದಕ್ಕೆ ಬಿಟ್ಟ. ಬೂಟು ಜಾರಿತು, ಮತ್ತೆ ಊರಿದ. ಅಂಟು ಬಿಡಲಿಲ್ಲ. ಬಾಗಿಲೂ ಬಿಡಲಿಲ್ಲ. ಆ ಕಡೆಯಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗಿತ್ತು.